ಕಲ್ಕತ್ತೆಯ ಎರಡು ರೈಲುಗಳು

ಕಲ್ಕತ್ತೆಯ ಹೆಸರು 2001ರಲ್ಲಿ ಕೋಲ್ಕತ್ತ ಎಂದಾಯಿತು. ಆದರೆ ನನ್ನ ನಾಲಗೆಗೆ ಹಳೆಯ ಹೆಸರೇ ರೂಢಿ, ಕೇಳುಗರು ಮನ್ನಿಸಬೇಕು. ಆ ನಗರವನ್ನು ನಾನು ಮೊದಲು ಕಂಡಾಗ ಎಸ್ಪ್ಲನೇಡಿನಲ್ಲಿ ಟ್ರಾಮು ಗಂಟೆ ಬಾರಿಸುತ್ತ, ಓಲಾಡುತ್ತ ತಿರುಗುತ್ತಿತ್ತು. ಅದೇ ನೆಲದ ಅಡಿಯಲ್ಲಿ ಮೆಟ್ರೊ ಓಡುತ್ತಿತ್ತು. ಹುಟ್ಟಿನಲ್ಲಿ ಶತಮಾನಕ್ಕೂ ಹೆಚ್ಚಿನ ಅಂತರವುಳ್ಳ ಈ ಎರಡು ರೈಲುಗಳ ಸಂಬಂಧವನ್ನು ಕುರಿತೇ ನನ್ನ ಇಂದಿನ ಮಾತು.

ಹಿರಿಯದು ಟ್ರಾಮು. 1873ರ ಫೆಬ್ರವರಿಯಲ್ಲಿ ಸಿಯಾಲ್ದಾದಿಂದ ಹೂಗ್ಲಿಯ ದಂಡೆಯ ಅರ್ಮೇನಿಯನ್ ಘಾಟಿನವರೆಗೆ ಅದನ್ನು ಕುದುರೆಗಳು ಎಳೆದವು. ಜನ ಒಲಿಯಲಿಲ್ಲ, ನವೆಂಬರಿನಲ್ಲಿ ಅದು ನಿಂತುಹೋಯಿತು. 1880ರಲ್ಲಿ ಲಂಡನ್ನಿನಲ್ಲಿ ನೋಂದಾಯಿಸಿಕೊಂಡ ಕಂಪನಿಯೊಂದು ಮತ್ತೆ ಹಳಿ ಹಾಸಿತು. 1902ರಲ್ಲಿ ವಿದ್ಯುತ್ತು ಬಂದು ಕುದುರೆಗಳಿಗೆ ಬಿಡುಗಡೆಯಾಯಿತು. ಮುಂದೆ ಅದು ಊರಿನ ಬಾಳಿನೊಳಗೆ ಎಷ್ಟು ಆಳವಾಗಿ ಇಳಿಯಿತೆಂಬುದಕ್ಕೆ 1953ರ ಜುಲೈ ತಿಂಗಳೇ ಸಾಕ್ಷಿ. ಕಂಪನಿ ಎರಡನೆಯ ದರ್ಜೆಯ ದರವನ್ನು ಒಂದು ಪೈಸೆ ಏರಿಸಿತು. ಒಂದೇ ಪೈಸೆ! ಪ್ರಯಾಣಿಕರು ಹೆಚ್ಚಿನ ಕಾಸು ಕೊಡಲು ಒಪ್ಪಲಿಲ್ಲ. ಟ್ರಾಮುಗಳು ಉರಿದವು, ಜನ ಸೆರೆಮನೆ ಸೇರಿದರು. ಕೊನೆಗೆ ಏರಿಕೆಯೇ ರದ್ದಾಯಿತು. ದೇಶವಿಭಜನೆಯ ನಿರಾಶ್ರಿತರು ತುಂಬಿದ್ದ ನಗರದಲ್ಲಿ ಆ ಪೈಸೆಗೆ ತೂಕವಿತ್ತು. ಮರುವರ್ಷದ ಅಕ್ಟೋಬರಿನಲ್ಲಿ ಕವಿ ಜೀವನಾನಂದ ದಾಸರು ಟ್ರಾಮಿಗೆ ಸಿಕ್ಕಿ ಗಾಯಗೊಂಡು, ಎಂಟು ದಿನಗಳ ಅನಂತರ ತೀರಿಕೊಂಡರು. ಅಷ್ಟು ನಿಧಾನದ ವಾಹನಕ್ಕೆ ಅವರು ಹೇಗೆ ಸಿಕ್ಕಿದರೆಂದು ಸಾಹಿತ್ಯಪ್ರಿಯರು ಇಂದಿಗೂ ತರ್ಕಿಸುವುದುಂಟು.

ನೆಲದಡಿಯ ರೈಲಿನ ಯೋಚನೆ ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರದು. ಅವರ ಕಾಲದಲ್ಲೇ ಫ್ರೆಂಚ್ ತಜ್ಞರು ಬಂದು ಸರ್ವೆ ನಡೆಸಿದ್ದರು. ಆದರೆ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟದ್ದು 1972ರ ಡಿಸೆಂಬರ್ 29ರಂದು. ಕಲ್ಕತ್ತೆಯದು ಮೆದುವಾದ ಜೇಡಿನೆಲ, ಸ್ವಲ್ಪ ತೋಡಿದರೆ ನೀರು. ಬಹುಪಾಲು ದೂರ ಬೀದಿಯನ್ನೇ ಮೇಲಿನಿಂದ ಅಗೆದರು. ಎರಡು ಬದಿಗೆ ಕಾಂಕ್ರೀಟಿನ ಗೋಡೆ ಇಳಿಸಿ, ನಡುವಣ ಮಣ್ಣು ತೆಗೆದು, ಪೆಟ್ಟಿಗೆಯಂಥ ಸುರಂಗ ಕಟ್ಟಿ, ಮೇಲೆ ಮತ್ತೆ ರಸ್ತೆ ಹೊದಿಸುವ ಕ್ರಮ. ಹೇಳುವುದು ಸುಲಭ. ಹಳೆಯ ನೀರಿನ ಕೊಳವೆ, ಚರಂಡಿ, ತಂತಿಗಳನ್ನು ಸರಿಸದೆ ಕೆಲಸ ಮುಂದುವರಿಯುವಂತಿರಲಿಲ್ಲ. ಜೊತೆಗೆ ಹಣದ ಮುಗ್ಗಟ್ಟು, ನ್ಯಾಯಾಲಯಗಳ ತಡೆಯಾಜ್ಞೆ. ಊರು ವರ್ಷಗಟ್ಟಲೆ ಹೊಂಡದ ದಂಡೆಯಲ್ಲೇ ಸಂಸಾರ ಮಾಡಿತು. 1984ರ ಅಕ್ಟೋಬರ್ 24ರಂದು ದೇಶದ ಮೊದಲ ಮೆಟ್ರೊ ಓಡಿದ್ದು 3.4 ಕಿಲೊಮೀಟರು ಮಾತ್ರ. ದಮ್‌ದಮ್‌ನಿಂದ ಟಾಲಿಗಂಜಿನವರೆಗೆ ಹಾದಿ ಕೂಡಿಕೊಂಡದ್ದು 1995ರಲ್ಲಿ.

ಬೀದಿಯ ಭಾರ ಇಳಿಸಲೆಂದೇ ಮೆಟ್ರೊ ಬಂದದ್ದು. ಬೀದಿಯಲ್ಲಿ ಬಿಡುವಾದ ಎಡೆಯನ್ನು ಟ್ರಾಮಿಗೆ ಕೊಡಬಹುದಾಗಿತ್ತು, ನಡೆದದ್ದು ಬೇರೆ. ಟ್ರಾಮಿಗೆಂದೇ ಮೀಸಲಾಗಿದ್ದ ಹಾದಿಗಳನ್ನು ಅನೇಕ ಕಡೆ ರಸ್ತೆಯೊಳಕ್ಕೆ ಸೇರಿಸಿಬಿಟ್ಟರು. ಮೋಟಾರುಗಳು ಬಂದು ಹಳಿಯ ಮೇಲೆ ನಿಂತವು. ಟ್ರಾಮು ಅವುಗಳ ಹಿಂದೆ ನಿಂತಿತು. ಬಳಿಕ ಟ್ರಾಮೇ ನಿಧಾನವೆಂಬ ದೂರು ಹುಟ್ಟಿತು. ಇದನ್ನು ನಾನು ನ್ಯಾಯವೆನ್ನಲಾರೆ. ಮೆಟ್ರೊವಿನ ವೇಗ ನನಗೂ ಬೇಕು. ಆದರೆ ಎರಡು ಬೀದಿಯಾಚೆಯ ಮಾರುಕಟ್ಟೆಗೆ ಚೀಲ ಹಿಡಿದು ಹೊರಟ ಮುದುಕಿಗೆ ಪಾತಾಳಕ್ಕಿಳಿದು ಮತ್ತೆ ಹತ್ತಿಬರುವ ಹಂಗೇಕೆ?

ಪಾತಾಳದ ಹಾದಿಯೂ ನಿರಾತಂಕವಾಗಿರಲಿಲ್ಲ. ಪೂರ್ವ ಪಶ್ಚಿಮಗಳನ್ನು ಕೂಡಿಸುವ ಎರಡನೆಯ ಮಾರ್ಗವನ್ನು ತೋಡುವಾಗ, 2019ರ ಆಗಸ್ಟ್ ಕೊನೆಯಲ್ಲಿ, ಬೌಬಜಾರಿನ ಅಡಿಯಲ್ಲಿ ಸುರಂಗಯಂತ್ರ ನೀರಿನ ಸೆಲೆಗೆ ತಗುಲಿತು. ಮೇಲಿನ ಹಳೆಯ ಮನೆಗಳು ಬಿರಿದು, ಕೆಲವು ಕುಸಿದವು. ನೂರಾರು ಮಂದಿ ನೆಲೆ ತಪ್ಪಿದರು. ಆ ಮಾರ್ಗ ಉದ್ದಕ್ಕೂ ತೆರೆದದ್ದು 2025ರ ಆಗಸ್ಟಿನಲ್ಲಿ. ಅದಕ್ಕೆ ಮೊದಲೇ, 2024ರ ಮಾರ್ಚಿನಲ್ಲಿ, ಹೌರಾದ ಕಡೆಯ ತುಂಡು ಹೂಗ್ಲಿಯ ತಳದ ಕೆಳಗೆ ಓಡತೊಡಗಿತ್ತು. ಸುಮಾರು 520 ಮೀಟರು ಅಗಲದ ಹೊಳೆಯನ್ನು ದಾಟಲು ಅದಕ್ಕೆ ಒಂದು ನಿಮಿಷವೂ ಬೇಡ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ, ಎಸ್ಪ್ಲನೇಡಿನಿಂದ ಮೈದಾನದವರೆಗಿನ ಒಂದು ಹಾದಿಯನ್ನು ನೆನಪಿಗೆಂದು ಉಳಿಸಿ, ಮಿಕ್ಕ ಟ್ರಾಮುಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಟ್ರಾಮು ಬೇಕೆನ್ನುವವರು ಹಳಿಗಳ ಮೇಲೆ ಡಾಂಬರು ಸುರಿಯಬೇಡಿರೆಂದು ಹೈಕೋರ್ಟಿನ ಬಾಗಿಲು ತಟ್ಟಿದರು.