ಚಿಲಿಂಬಿಯ ಶಾಲೆ ಮತ್ತು ನನ್ನ ಹಾಜರಿ ಪುಸ್ತಕ

ಮಂಗಳೂರಿನ ಪುರಭವನಕ್ಕೆ ನಾಟಕ, ಯಕ್ಷಗಾನ ಅಂತ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅದರ ಪೂರ್ತಿ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಆ ಹೆಸರಿನ ಮನುಷ್ಯ ಮಾಡಿದ್ದೇನು ಎಂದು ನಾನು ಓದಿ ತಿಳಿದುಕೊಂಡದ್ದು ಮಾತ್ರ ಬಹಳ ತಡವಾಗಿ, ಅದೂ ನನ್ನದೇ ಒಂದು ತಪ್ಪಿನ ನಂತರ.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕೈದು ಗೆಳೆಯರು ಸೇರಿ, ಕಟ್ಟಡ ಕೆಲಸಕ್ಕೆ ಬಂದು ನಗರದ ಅಂಚಿನ ತಗಡಿನ ಶೆಡ್ಡುಗಳಲ್ಲಿದ್ದ ಕುಟುಂಬಗಳ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದೆವು. ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಲೆಕ್ಕದಲ್ಲಿ ಬಹಳ ಚುರುಕಾಗಿದ್ದ ಹುಡುಗಿಯೊಬ್ಬಳು ಮೊದಲು ವಾರಕ್ಕೆರಡು ದಿನ ತಪ್ಪಿಸಿದಳು, ಆಮೇಲೆ ಬರಲೇ ಇಲ್ಲ. ಅವಳ ಹೆಸರಿನ ಮುಂದೆ ನಾನು ‘ಆಸಕ್ತಿ ಇಲ್ಲ’ ಎಂದು ಬರೆದೆ. ತಿಂಗಳಾದ ಮೇಲೆ ಗೊತ್ತಾಯಿತು: ಅಮ್ಮ ಕೆಲಸದಿಂದ ಬರುವಷ್ಟರಲ್ಲಿ ತಮ್ಮನಿಗೆ ಗಂಜಿ ಬೇಯಿಸಬೇಕಾದವಳು ಅವಳೇ. ಅಷ್ಟರಲ್ಲಿ ಜಾಗದ ಯಜಮಾನ ಶೆಡ್ಡುಗಳನ್ನೂ ಕೀಳಿಸಿದ್ದ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನ ಕಡೆಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಮಂಗಳೂರಿಗೆ ಬಂದು ಮೇಷ್ಟ್ರಾದರು, ಆಮೇಲೆ ವಕೀಲರಾದರು. ಉಳ್ಳಾಲ ರಘುನಾಥಯ್ಯನವರು ಇಲ್ಲಿ ಬೆಳೆಸಿದ್ದ ಬ್ರಹ್ಮಸಮಾಜದ ಸಹವಾಸಕ್ಕೆ ಬಿದ್ದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆಂದು ಒಂದು ಶಾಲೆ ತೆರೆದರು. ಅವರ ಜಾತಿಯವರಿಂದ ಬಹಿಷ್ಕಾರ ಬಂತು. ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಒಪ್ಪದೆ ಕ್ರೈಸ್ತ ಶಿಕ್ಷಕರನ್ನು ಕರೆತರಬೇಕಾಯಿತು. ವಿರೋಧ ಹೆಚ್ಚಿದಾಗ ಶಾಲೆಯ ಜಾಗವನ್ನೂ ಬದಲಿಸಬೇಕಾಯಿತು.

ಇಷ್ಟನ್ನು ಯಾವ ಜಯಂತಿಯ ಭಾಷಣದಲ್ಲಾದರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಂಗತಿ. ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು. ಬಂದ ದಿನಕ್ಕೆ ಇಷ್ಟು ಎಂದು ಚಿಲ್ಲರೆ ಕಾಸನ್ನೂ ಕೊಟ್ಟರು. ‘ದುಡ್ಡು ಕೊಟ್ಟು ಶಾಲೆಗೆ ಕರೆಯುವುದೇ?’ ಎಂದು ಇವತ್ತೂ ಮೂಗು ಮುರಿಯುವವರಿದ್ದಾರೆ. ಆದರೆ ಮಗು ಶಾಲೆಯಲ್ಲಿ ಕೂತ ಹೊತ್ತು ಮನೆಗೆ ಬರಬೇಕಾದ ಕೂಲಿ ತಪ್ಪುತ್ತದೆ. ಅದನ್ನು ಯಾರಾದರೂ ತುಂಬಿಕೊಡಲೇಬೇಕಲ್ಲ! ನಮ್ಮ ಸರ್ಕಾರಿ ಶಾಲೆಗಳಿಗೆ ಅಕ್ಷರ ದಾಸೋಹದ ಬಿಸಿಯೂಟ ಬಂದದ್ದು 2002ರಿಂದೀಚೆಗೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಊಟ ಎಂದರೆ ಬರೀ ಹೊಟ್ಟೆಯ ಮಾತೂ ಅಲ್ಲ. ಕರಾವಳಿಯಲ್ಲಿ ಕೊರಗರು ಮದುವೆ ಮನೆಯ ಹೊರಗೆ ನಿಂತು ಎಂಜಲೆಲೆಗೆ ಕಾಯಬೇಕಾಗಿತ್ತು. ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಅದಕ್ಕೆ ನೂರು ವರ್ಷ ಮುಂಚೆ, ಅದೇ ಊರಿನಲ್ಲಿ, ಮಕ್ಕಳು ತಮಗೆಂದೇ ಬೇಯಿಸಿದ ಅನ್ನವನ್ನು ಕೂತು ಉಣ್ಣುವುದೆಂದರೆ ಏನು ಎಂಬುದನ್ನು ಅಂಥ ಹಸಿವು ಕಾಣದ ನಾನು ಊಹಿಸಲು ಮಾತ್ರ ಸಾಧ್ಯ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಹೆಸರಿನಲ್ಲಿ ಈ ಕೆಲಸ ಒಂದು ಸಂಸ್ಥೆಯಾಯಿತು. ವಿಠ್ಠಲ ರಾಮಜಿ ಶಿಂಧೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ. ಇನ್ನಷ್ಟು ಶಾಲೆಗಳು ಬಂದವು, ಕೈಮಗ್ಗ ಬಂತು. ದುಡಿಮೆಯಿಲ್ಲದೆ ಅಕ್ಷರ ನಿಲ್ಲದೆಂಬುದು ಮಂಗಳೂರಿಗೆ ಹೊಸ ಪಾಠವೇನಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರೂ, ಮತಾಂತರವಾಗಿ ಕಸುಬು ಕಳೆದುಕೊಂಡವರಿಗೆಂದು ಮಗ್ಗ ಹಾಕಿಸಿ, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಿದ್ದರು. ಆದರೆ ರಂಗರಾಯರು ಯಾರನ್ನೂ ಮತ ಬದಲಿಸಿ ಎನ್ನಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ನೆಲ. ಒಡೆಯರ ಜಾಗದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡವನು ಮಗನನ್ನು ಶಾಲೆಗೆ ಕಳಿಸಿ ಒಡೆಯನ ಸಿಟ್ಟು ಕಟ್ಟಿಕೊಂಡರೆ ರಾತ್ರಿ ಮಲಗುವುದೆಲ್ಲಿ? ರಂಗರಾಯರು ಸರ್ಕಾರದ ಬೆನ್ನು ಬಿದ್ದು ದಲಿತ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು. ವಕೀಲಿಕೆ ಅವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇಲ್ಲಿಯೇ ಎಂದು ನನಗನಿಸುತ್ತದೆ.

ನಮ್ಮ ಗುಂಪಿನಂಥವು ಈಗ ಪ್ರತಿ ನಗರದಲ್ಲೂ ಹತ್ತಾರು ಇವೆ. ಒಬ್ಬರು ದಿನಸಿ ಕಿಟ್ ಕೊಡುತ್ತಾರೆ, ಇನ್ನೊಬ್ಬರು ನೋಟ್‌ಬುಕ್ ಹಂಚುತ್ತಾರೆ. ಮನೆ ಕೊಡಿಸುವ ತಂಟೆಗೆ ಹೋಗುವವರು ಕಡಿಮೆ, ಅದರಲ್ಲಿ ಕೋರ್ಟು ಕಚೇರಿ ಇದೆ, ಫೋಟೊ ಇಲ್ಲ. ಅವರನ್ನು ಹಳಿಯುವ ಯೋಗ್ಯತೆ ನನಗಿಲ್ಲ, ನಾನೂ ಪಾಠವಷ್ಟೇ ನಮ್ಮ ಕೆಲಸ ಎಂದುಕೊಂಡವನೇ.

ರಂಗರಾಯರು ತೀರಿಕೊಂಡದ್ದು 1928ರ ಜನವರಿ 30ರಂದು. ಅವರ ಆಸೆಯಂತೆ ಶವಕ್ಕೆ ಹೆಗಲು ಕೊಟ್ಟವರು ಊರಿನ ತೋಟಿಗಳು. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿಯಿದೆ. ಒಂದು ಭಾನುವಾರ ಹೋಗಿ ಬಂದೆ.

ಈ ವರ್ಷ ಪಾಠ ಮತ್ತೆ ಶುರುವಾಗಿದೆ, ಬೇರೆ ಶೆಡ್ಡುಗಳು, ಬೇರೆ ಮಕ್ಕಳು. ಪಾಠಕ್ಕೆ ಮುಂಚೆ ಎಲ್ಲರಿಗೂ ಒಂದೊಂದು ತಟ್ಟೆ ಅವಲಕ್ಕಿ ಕೊಡುತ್ತೇವೆ. ಹಾಜರಿ ಪುಸ್ತಕದಲ್ಲಿ ಎರಡು ಕಾಲಂ ಹೆಚ್ಚಿಗೆ ಎಳೆದಿದ್ದೇನೆ: ಮನೆಯಲ್ಲಿ ಅಡುಗೆ ಮಾಡುವವರು ಯಾರು, ಈ ಜಾಗದಲ್ಲಿ ಇನ್ನೆಷ್ಟು ದಿನ ಇರುತ್ತೀರಿ. ಎರಡನೆಯ ಕಾಲಂ ಹೆಚ್ಚಿನವರದ್ದು ಖಾಲಿಯೇ ಇದೆ.