ಶಹಾಪುರ ಸೀಮೆಯ ಟಪಾಲು, ತಂತಿ, ಟೆಲಿಫೋನು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಶಹಾಪುರ–ಸುರಪುರ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಕಾಗದವೊಂದು ಎಷ್ಟು ದೂರ ಹೋಗಬೇಕು ಎಂಬುದಕ್ಕಿಂತ ಯಾರ ಆಳ್ವಿಕೆಯ ಗಡಿ ದಾಟಬೇಕು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಒಂದನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ, 1869ರಲ್ಲಿ, ನಿಜಾಮ್ ಸರ್ಕಾರ ತನ್ನದೇ ಅಂಚೆಚೀಟಿಗಳನ್ನು ಹೊರತಂದಿತು. ಅವು ಸಂಸ್ಥಾನದೊಳಗೆ ಮಾತ್ರ ಸಲ್ಲುತ್ತಿದ್ದುದರಿಂದ, ಕಲಬುರಗಿಯ ಟಪಾಲಿಗೆ ಸಾಕಾಗುತ್ತಿದ್ದ ಚೀಟಿ ಮುಂಬೈ ಪ್ರಾಂತ್ಯದಲ್ಲಿದ್ದ ನೆರೆಯ ತಾಳಿಕೋಟೆಗೆ ನಡೆಯುತ್ತಿರಲಿಲ್ಲ. 1871ರಲ್ಲಿ ರಾಯಚೂರು ಮುಟ್ಟಿದ ರೈಲುಮಾರ್ಗ ಭೀಮೆಯ ಆಚೆ ದಡದ ಯಾದಗಿರಿಯನ್ನು ಹಾದುಹೋಯಿತು, ತಂತಿಕಂಬಗಳೂ ಹಳಿಯ ಜೊತೆಗೇ ಸಾಗಿದವು. ಶಹಾಪುರ ಎರಡಕ್ಕೂ ಹೊರಗುಳಿಯಿತು. ನಿಜಾಮರ ಅಂಚೆ ಭಾರತೀಯ ಅಂಚೆಯಲ್ಲಿ ಸೇರಿಹೋದದ್ದು 1950ರ ಏಪ್ರಿಲ್ 1ರಂದು.

ಟೆಲಿಫೋನಿನ ಕಥೆಯ ತಿರುವು ಕಿತ್ತೂರಿನಲ್ಲಿದೆ. ವಿದೇಶದಲ್ಲಿ ತಯಾರಾದ ಟೆಲಿಫೋನ್ ವಿನಿಮಯ ಕೇಂದ್ರಗಳು, ಅಂದರೆ ಕರೆಗಳನ್ನು ಒಂದರಿಂದೊಂದಕ್ಕೆ ಜೋಡಿಸುವ ಯಂತ್ರಗಳು, ಹವಾನಿಯಂತ್ರಿತ ಕೋಣೆಯನ್ನು ಬೇಡುತ್ತಿದ್ದವು. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಧೂಳು, ಸೆಕೆ, ಕೈಕೊಡುವ ವಿದ್ಯುತ್ತು ಎಲ್ಲವನ್ನೂ ತಾಳಬಲ್ಲ 128 ಸಂಪರ್ಕಬಿಂದುಗಳ ಗ್ರಾಮೀಣ ಕೇಂದ್ರವನ್ನು ರೂಪಿಸಿ, ಮೊದಲನೆಯದನ್ನು 1986ರಲ್ಲಿ ಕಿತ್ತೂರಿನಲ್ಲಿ ನಿಲ್ಲಿಸಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಶಹಾಪುರದಂಥ ಬಿಸಿಲುಸೀಮೆಗೆ ಒಪ್ಪುವ ಯಂತ್ರವೆಂದರೆ ಅದೇ.

1994ರ ರಾಷ್ಟ್ರೀಯ ದೂರಸಂಪರ್ಕ ನೀತಿ 1997ರೊಳಗೆ ಎಲ್ಲ ಹಳ್ಳಿಗಳಿಗೂ ದೂರವಾಣಿ ಮುಟ್ಟಿಸುವುದಾಗಿ ಹೇಳಿತು. ಗಡುವು ತಪ್ಪಿತು, 1999ರ ನೀತಿ ಅದನ್ನು 2002ಕ್ಕೆ ದೂಡಿತು. ಆ ನೀತಿಯಿಂದ ಹುಟ್ಟಿದ ಸಾರ್ವತ್ರಿಕ ಸೇವಾ ನಿಧಿ, ಲಾಭವಿಲ್ಲದ ಊರಿಗೂ ಸೇವೆ ಸಿಗಲೆಂದು ದೂರಸಂಪರ್ಕ ಕಂಪನಿಗಳ ಆದಾಯದಲ್ಲಿ ಕೆಲವು ಬಾಬತ್ತು ಕಳೆದು ಉಳಿದುದರ ಶೇ 5ರಷ್ಟನ್ನು ಪಡೆಯುವ ವ್ಯವಸ್ಥೆ, 2002ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳ್ಳಿಗೊಂದು ಸಾರ್ವಜನಿಕ ಫೋನು ಬಂದರೆ ಊರಿಗೆ ಊರೇ ಸಂಪರ್ಕ ಪಡೆಯಿತೆಂದು ಕಡತದಲ್ಲಿ ಬರೆದುಕೊಳ್ಳಲಾಗುತ್ತಿತ್ತು. ಅದು ಯಾರ ಮನೆಯ ಕಟ್ಟೆಯ ಮೇಲಿದೆ, ಯಾವ ಕೇರಿಯವರು ಆ ಕಟ್ಟೆ ಹತ್ತಬಲ್ಲರು ಎಂಬುದು ಆ ಎಣಿಕೆಯಲ್ಲಿ ಇರಲಿಲ್ಲ, ಮತ್ತು ಅದು ಸಣ್ಣ ಲೋಪವಲ್ಲ. ಹೀಗೆ ಎಣಿಸಿದ ಫೋನುಗಳಲ್ಲಿ, ಒಂದು ಗೋಪುರದಿಂದ ಹಲವು ಹಳ್ಳಿಗಳಿಗೆ ನಿಸ್ತಂತು ಸಂಪರ್ಕ ಕೊಡುತ್ತಿದ್ದ ರೇಡಿಯೊ ಫೋನುಗಳು ದೇಶದುದ್ದಕ್ಕೂ ಕೆಟ್ಟುನಿಂತಾಗ, ಅವುಗಳನ್ನು ಬದಲಾಯಿಸಲು ಇದೇ ನಿಧಿಯ ಹಣ ಬೇಕಾಯಿತು.

2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ, ಬಳಿಕ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯೂ ಇದೇ ನಿಧಿಯಿಂದ ನಡೆಯಿತು. ಗಾಜಿನೆಳೆಯ ಮೂಲಕ ಬೆಳಕಿನ ರೂಪದಲ್ಲಿ ಮಾಹಿತಿ ಸಾಗಿಸುವ ಅದರ ಕೇಬಲ್ಲಿಗೆ ಮೊದಲು ಗೊತ್ತುಮಾಡಿದ ಗುರಿ ಗ್ರಾಮ ಪಂಚಾಯಿತಿ. 2023ರ ದೂರಸಂಪರ್ಕ ಕಾಯ್ದೆ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರಿಟ್ಟಿತು. ಇಷ್ಟೆಲ್ಲ ನೀತಿಗಳೂ ಊರನ್ನೇ ಎಣಿಸಿಕೊಂಡು ಬಂದಿವೆ. ಈ ಸೀಮೆಯಿಂದ ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋದವರಿಗಾದರೋ ಊರೆಂಬುದು ಫೋನಿನ ಆಚೆ ತುದಿಯಲ್ಲಿದೆ.