ಜತ್ತದ ‘ನಾವು’ ಮತ್ತು ಭಾಷಾವೃಕ್ಷ

2018ರಲ್ಲಿ ವಿದ್ವಾಂಸರು 20 ದ್ರಾವಿಡ ನುಡಿಗಳ ಮೂಲಶಬ್ದಗಳನ್ನು ಗಣಕಯಂತ್ರಕ್ಕೆ ಕೊಟ್ಟು ವಂಶವೃಕ್ಷ ಬರೆಸಿದರು. ಬೇರಿನ ವಯಸ್ಸು ಸುಮಾರು 4500 ವರ್ಷ ಬಂದಿತು. ಇಂಥ ವೃಕ್ಷದ ಟೊಂಗೆಗಳಿಗೆ ಲಕ್ಷಣಕ್ಕೊಂದು ಬಣ್ಣ ಹಚ್ಚುವ ತಂತ್ರಾಂಶಗಳಿವೆ. ‘ಪಾಲು’ ‘ಹಾಲು’ ಆದದ್ದಕ್ಕೆ ಹಚ್ಚಿದರೆ ತಮಿಳು-ತೆಲುಗು ಒಂದು ಬಣ್ಣ, ಕನ್ನಡ ಇನ್ನೊಂದು, ಚಂದ ಕಾಣತದ.

‘ನಾವು’ ಶಬ್ದದಲ್ಲಿ ಮಾತ್ರ ತೊಡಕು. ಕೇಳುವವನನ್ನು ಕೂಡಿಸಿಕೊಂಡರೆ ತಮಿಳಿನಲ್ಲಿ ‘ನಾಮ್’, ತೆಲುಗಿನಲ್ಲಿ ‘ಮನಂ’. ಬಿಟ್ಟರೆ ‘ನಾಂಗಳ್’, ‘ಮೇಮು’. ಇಂದಿನ ಕನ್ನಡ ಈ ಭೇದ ಕಳಕೊಂಡದ. ನಾನು ವರ್ಷಗಟ್ಟಲೆ ಕಲಿಸಿದ ಸಂಸ್ಕೃತದ ‘ವಯಮ್’ನಲ್ಲಿ ಅದು ಇಲ್ಲವೇ ಇಲ್ಲ. ಆದರೆ ಅದೇ ವಂಶದ ಮರಾಠಿಯಲ್ಲಿ ‘ಆಪಣ’, ‘ಆಮ್ಹೀ’ ಎಂದು ಎರಡುಂಟು. ದ್ರಾವಿಡ ನೆರೆಯಿಂದ ಬಂದದ್ದೆಂದು ಪಂಡಿತರ ಮತ. ನಮ್ಮ ಜತ್ತದ ಸಂತ್ಯಾಗ ಒಬ್ಬನೇ ಮನುಷ್ಯ ಮರಾಠಿಯಲ್ಲಿ ಆ ಭೇದ ಮಾಡತಾನ, ಕನ್ನಡಕ್ಕೆ ತಿರುಗಿದ ಕೂಡಲೇ ಬಿಡತಾನ. ಅಜ್ಜಿಯ ಒಡವೆ ಮೊಮ್ಮಗಳಿಗೆ ಉಳಿಯದೆ ನೆರೆಮನೆ ಸೇರಿತು! ಬೇರಿನಿಂದ ಟೊಂಗೆಗೆ ಏರುವ ಬಣ್ಣ ಇದನ್ನು ತೋರಿಸಲಾರದು. ಎರಡು ವೃಕ್ಷಗಳ ನಡುವೆ ಅಡ್ಡಗೆರೆ ಎಳೆಯಲೇಬೇಕು.